ಮುಚ್ಚಳ ತಂದ ಗಿರಾಕಿ

ಕದ್ರಿ, ೧೪ ನವೆಂಬರ್ ೨೦೨೪, ಗುರುವಾರ

ಆ ಗಿರಾಕಿಯ ಮೇಲೆ ನನಗೆ ನಿನ್ನೆಯಿಂದಲೇ ಸಂಶಯ. ಹೊಸ ಕನ್ನಡಕಕ್ಕಾದರೂ ಆಗಲಿ ಎಂದು ಅಮ್ಮನ ಕಾಲದ ತಾಮ್ರದ ಕಡುಬಿನ ಪಾತ್ರೆಯ ಫೋಟೋವನ್ನು ಮೊಮ್ಮಗಳು ಪ್ರಣೀತಾಳಿಂದ ಆನ್‌ಲೈನಿನಲ್ಲಿ ಮಾರಾಟಕ್ಕೆ ಹಾಕಿಸಿದ್ದೆ. ಹತ್ತೇ ನಿಮಿಷದಲ್ಲಿ ಇವನ ಫೋನು. ಹೇಳಿದ ಕ್ರಯಕ್ಕೆ ಚರ್ಚೆಯಿಲ್ಲದೆ ಒಪ್ಪಿದ. ಮಂಗಳೂರಿನಲ್ಲಿ ಬಂಗುಡೆ ಮೀನಿಗೂ ಚರ್ಚೆ ಮಾಡದವರುಂಟೇ?

ಇವತ್ತು ಬಂದ. ದೀಪೇಶ್ ಅಂತೆ, ಬಜಪೆಯವನು. ಬೆಲ್ಲ ನೀರು ಕೊಟ್ಟು ಕೂರಿಸಿದೆ, ಕಣ್ಣು ಮಾತ್ರ ಅವನ ಚೀಲದ ಮೇಲೆಯೇ ಇತ್ತು. ಪಾತ್ರೆ ತಂದಿಟ್ಟದ್ದೇ, ಚೀಲದಿಂದ ಒಂದು ತಾಮ್ರದ ಮುಚ್ಚಳ ತೆಗೆದು ಮುಚ್ಚಿ ನೋಡಿದ. ಸರಿಯಾಗಿ ಕೂತಿತು. ಅಮ್ಮನ ಮುಚ್ಚಳವೇ ಅದು, ಅಂಚಿನ ಆ ತಗ್ಗು ನನಗೆ ಗೊತ್ತಿಲ್ಲದ್ದೇ? ಅಮ್ಮ ತೀರಿದ ಮೇಲೆ ಪಾಲಿನ ಜಗಳದಲ್ಲಿ ಪಾತ್ರೆ ನನಗೆ ಬಂತು, ಮುಚ್ಚಳ ತಂಗಿ ಅಪ್ಪಿಗೆ ಹೋಯಿತು. ಒಂಬತ್ತು ವರ್ಷದಿಂದ ನಮಗೆ ಮಾತಿಲ್ಲ, ಆ ಪಾತ್ರೆಯಲ್ಲಿ ಹಬೆಯೂ ನಿಂತಿಲ್ಲ.

"ಅಪ್ಪಿ ಕಳಿಸಿದ್ದಲ್ವಾ ನಿಮ್ಮನ್ನು?"

"ಹೆಸರು ಹೇಳ್ಬೇಡ ಅಂದಿದ್ದಾರೆ, ಅಮ್ಮ."

"ಅವಳಿಗೆಂತಕ್ಕೆ ಇದು?"

"ನಂಗೆ ಗೊತ್ತಿಲ್ಲ ಮಾರಾಯ್ರೆ, ನಾನು ಅವರ ಮನೆಯಲ್ಲಿ ಬಾಡಿಗೆಗಿರುವುದು."

ಕೊನೆಗೂ ಗೆಲ್ಲಬೇಕೆಂದೋ, ಇಲ್ಲ ಪಾತ್ರೆ ಪರರ ಪಾಲಾಗದಿರಲಿ ಎಂದೋ? ಅವಳನ್ನು ನಂಬುವುದು ಕಷ್ಟ.

"ಪಾತ್ರೆ ಕೊಡುವುದಿಲ್ಲ. ಮುಚ್ಚಳ ಇಲ್ಲೇ ಇರಲಿ. ಬೇಕಾದರೆ ಅವಳೇ ಬರಲಿ" ಎಂದೆ. ಅವನು ಖಾಲಿ ಚೀಲ ಮಡಚಿಕೊಂಡು, ಮುಚ್ಚಳ ಬಿಟ್ಟು ಹೋದ.

ಅಷ್ಟು ಸುಲಭಕ್ಕೆ ಯಾಕೆ ಬಿಟ್ಟ? ಅದನ್ನೂ ಅವಳೇ ಹೇಳಿಕೊಟ್ಟಿರಬೇಕು. ಯಾವುದಕ್ಕೂ ಕಡುಬಿಗೆ ಉದ್ದು ನೆನೆ ಹಾಕಿದ್ದೇನೆ, ಇಬ್ಬರಿಗಾಗುವಷ್ಟು.