ಸದರಿ ಮಗು

ರೀ,

ನಿಮ್ಮ ಕಾಗದ ಬಂತು. ಮಗಳು ನಡೆಯಲು ಕಲಿತಳೆಂದು ನಾನು ಬರೆದಿದ್ದಕ್ಕೆ, "ಸದರಿ ಮಗು ನಡೆಯುತ್ತಿರುವುದನ್ನು ಗಮನಿಸಲಾಗಿದೆ" ಎಂದು ಬರೆದಿದ್ದೀರಿ. ಅತ್ತೆಗೆ ಓದಿ ಹೇಳಿದೆ.

"ಸ್ವಂತ ಮಗಳಿಗೇ ಸದರಿ ಅಂತಾನಲ್ಲ, ಸರ್ಕಾರಿ ಕೆಲಸ ತಲೆಗೇರಿದೆ ಇವನಿಗೆ! ಯಾವಾಗ ಬರ್ತಾನಂತೆ, ಅದನ್ನ ಓದೇ" ಅಂದರು.

"ರಜೆಯ ವಿಷಯ ಪರಿಶೀಲನೆಯಲ್ಲಿದೆ" ಎಂದಷ್ಟೇ ಇತ್ತು. ನಾಲ್ಕನೇ ಕ್ಲಾಸು ಓದಿದವಳು ನಾನು, ಬರುತ್ತೀರೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ಕಾಗದವನ್ನು ಆಫೀಸಿನ ಮೇಜಿನ ಮೇಲೆ ಬರೆಯಬೇಡಿ. ರೂಮಿಗೆ ಹೋಗಿ, ಊಟ ಮಾಡಿ ಬರೆಯಿರಿ. ಬೈದರೂ ಸರಿ, ನನ್ನ ಹತ್ತಿರ ಮಾತಾಡುವ ಹಾಗೆ ಬರೆಯಿರಿ.

ಹೊರಗೆ ಚಪ್ಪಲಿ ಸದ್ದಾದರೆ ಮಗಳು ಬಾಗಿಲವರೆಗೆ ನಡೆದುಹೋಗಿ ನಿಲ್ಲುತ್ತಾಳೆ. ನಾನೂ ಹೋಗುತ್ತೇನೆ, ಅವಳು ಬಿದ್ದಾಳೆಂಬ ನೆಪದಲ್ಲಿ.

ಇಂತಿ,
ಮನೆಯವಳು