ಎಂಜಿನ್ನಿಗೂ ಹಬ್ಬದ ಸ್ನಾನ

ಎಸ್ಫಂದ್ ೨೭, ರಾತ್ರಿ

ಬೆಳಿಗ್ಗೆ ಕಾರು ಓಡುತ್ತದೋ ಇಲ್ಲವೋ. ಎಂಟಕ್ಕೆ ಯಜ್ದ್‌ನಲ್ಲಿ ಮಗಳು ನಿಕಾಳ ಹೃದಯದ ಸ್ಕ್ಯಾನ್. ಇಲ್ಲಿಂದ ಒಂದು ಗಂಟೆಯ ದಾರಿ, ಹಬ್ಬದ ವಾರ ಟ್ಯಾಕ್ಸಿಯೂ ಇಲ್ಲ. ತಪ್ಪಿದರೆ ಹೊಸ ವರ್ಷದ ನೌರೂಜ್ ರಜೆ ಮುಗಿಯುವವರೆಗೆ, ಎರಡು ವಾರ, ಆ ಡಾಕ್ಟರು ಸಿಗುವುದಿಲ್ಲ.

ಎಲ್ಲ ನನ್ನದೇ ಕೆಲಸ. ಹಬ್ಬಕ್ಕೆ ಮುಂಚೆ ಮನೆ ಕೊಡವುವ ಹುಚ್ಚು ನಮ್ಮೆಲ್ಲರಿಗೂ ಇದೆ. ಪರದೆ ಒಗೆದೆ, ಜಮಖಾನ ತೊಳೆದೆ, ಪೈಪು ಕೈಯಲ್ಲೇ ಇತ್ತು. ಬಾನೆಟ್ ಎತ್ತಿ ಎಂಜಿನ್ನಿನ ಧೂಳಿಗೂ ನೀರು ಬಿಟ್ಟೆ. ಆಮೇಲೆ ಕೀಲಿ ತಿರುಗಿಸಿದರೆ ಕಾರು ಗಡಗಡ ನಡುಗಿತು.

ಅತ್ತೆ ಕಿಟಕಿಯಿಂದಲೇ, "ನೀನು ಮನೆ ಕೊಡವಿದೆ, ಅದು ತನ್ನನ್ನೇ ಕೊಡವ್ಕೋತಿದೆ! ಪ್ರಯಾಣ ಹೊರಟೋರು ಸುಖವಾಗಿ ವಾಪಸ್ ಬರ್ಲಿ ಅಂತ ಅವರ ಹಿಂದೆ ನೀರು ಚೆಲ್ತಾರೆ ಕಣೆ, ಎಂಜಿನ್ ಮೇಲಲ್ಲ," ಎಂದರು. ನನಗೆ ನಗು ಬರಲಿಲ್ಲ.

ಪಕ್ಕದ ಬೀದಿಯ ಮೆಕ್ಯಾನಿಕ್ ಯದುಲ್ಲಾ ಉಸ್ತಾದ್ ಬಂದು ಕಿವಿಗೊಟ್ಟು ಕೇಳಿದರು. "ನಾಲ್ಕು ಸಿಲಿಂಡರಲ್ಲಿ ಒಂದು ಹೊಡೀತಿಲ್ಲಮ್ಮ. ಸ್ನಾನ ಮಾಡಿಸಿ ತಲೆ ಒರೆಸದೆ ಬಿಟ್ರೆ ಶೀತ ಆಗ್ದೇ ಇರುತ್ತಾ?" ಸ್ಪಾರ್ಕ್ ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತಿತ್ತು. ಒರೆಸಿ, ಗಾಳಿ ಊದಿ, "ಚೆನ್ನಾಗಿ ಒಣಗ್ಲಿ, ಬೆಳಗಿನವರೆಗೂ ಕೀಲಿ ಮುಟ್ಬೇಡ," ಎಂದು ಹೋದರು.

ಕೀಲಿ ಹಿಡಿದು ಮೂರು ಸಲ ಬಾಗಿಲವರೆಗೆ ಹೋಗಿ ಬಂದೆ.

ಈಗ ಉಸ್ತಾದರ ಹಾಗೆಯೇ ನಿಕಾಳ ಎದೆಗೆ ಕಿವಿ ಇಟ್ಟೆ. ಬಡಿತಗಳ ನಡುವೆ ಡಾಕ್ಟರು ಹೇಳಿದ ಆ ಹೆಚ್ಚಿನ ಸದ್ದು ಕೇಳಿಸಿತು ಅನ್ನಿಸಿತು; ಮತ್ತೆ ಕೇಳಿದರೆ ಇಲ್ಲ. ಅಷ್ಟರಲ್ಲಿ ಅವಳು ನಿದ್ದೆಯಲ್ಲೇ ನನ್ನ ಕೂದಲು ಹಿಡಿದುಕೊಂಡಳು. ಬಿಡಿಸಿಕೊಳ್ಳದೆ ಬಗ್ಗಿಯೇ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಸೊಟ್ಟ. ಇವಳು ಬಿಡುವವರೆಗಾದರೂ ನಾನು ಕೀಲಿ ಮುಟ್ಟಲಾರೆ, ಅಷ್ಟು ಹೊತ್ತು ಎಂಜಿನ್ ಒಣಗಲಿ, ಅಷ್ಟು ಹೊತ್ತು ನಾನೂ ಕಣ್ಣು ಮುಚ್ಚಿ…