ಯೋಗಾನಂದನ ಹುಲ್ಲಿಗೆ ಗೊಬ್ಬರ

ನೆವಾರ್ಕ್, ಅಮೆರಿಕ, 24-10-1999

ಅಕ್ಕನಿಗೆ ನಮಸ್ಕಾರ.

ಇಲ್ಲಿ ಮೇಯಲು ಒಂದು ದನವಿಲ್ಲದಿದ್ದರೂ ಮನೆಮನೆಯ ಮುಂದೆ ಹುಲ್ಲು ಬೆಳೆಸುತ್ತಾರೆ. ಚಳಿಗೆ ಮೊದಲು ಅದಕ್ಕೆ ಗೊಬ್ಬರ ಬೇರೆ! ಮಗಳ ಮನೆಯ ಪಕ್ಕದಲ್ಲಿ ಹಾಸನದ ಯೋಗಾನಂದ ಅಂತ ಇದ್ದಾನೆ. ಅವನ ಹೆಂಡತಿ ಕಾವ್ಯಾಗೆ ಬಿ.ಪಿ. ಏರಿ, ಏಳೇ ತಿಂಗಳಿಗೆ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಅವಳು ಬರುವಷ್ಟರಲ್ಲಿ ಅಂಗಳ ಹಸಿರಾಗಿರಲೆಂದು ಇವನು ಇಡೀ ಮೂಟೆ ಗೊಬ್ಬರವನ್ನು ಕೈಯಿಂದಲೇ ಎರಚಿಬಿಟ್ಟ. ಮೂರು ದಿನಕ್ಕೆ ಹುಲ್ಲು ಅಲ್ಲಲ್ಲಿ ಸುಟ್ಟು ಹಳದಿಯಾಯಿತು. ಬೆಳಿಗ್ಗೆ ನೋಡಿದರೆ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಾನೆ.

"ಒಂದು ಲಾನು ನೋಡ್ಕೊಳ್ಳೋಕೆ ಆಗ್ಲಿಲ್ಲ ಆಂಟಿ. ಅಷ್ಟು ಸಣ್ಣ ಮಗೂನ ಹೇಗೆ ನೋಡ್ಕೊಳ್ಳಲಿ?"

ನಮ್ಮ ಗದ್ದೆಗೆ ಯೂರಿಯಾ ಹೆಚ್ಚಾದ ವರ್ಷ ನೆನಪಾಯಿತು. "ಎದ್ದೇಳಪ್ಪ, ಚೆನ್ನಾಗಿ ನೀರು ಬಿಡು. ಬೇರು ಬದುಕಿದ್ರೆ ಚಿಗುರ್ತದೆ" ಎಂದೆ. ಒಂದು ವಾರ ಇಬ್ಬರೂ ನೀರು ಹಾಯಿಸಿದೆವು. ಅವನು ಆಸ್ಪತ್ರೆಗೆ ಹೋದಾಗ ನಾನೇ ಪೈಪು ಹಿಡಿಯುತ್ತಿದ್ದೆ.

ನಿನ್ನೆ ಕಾವ್ಯಾ ಮನೆಗೆ ಬಂದಳು. ಮಗು ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದೆ, ಆದರೆ ತೂಕ ಹಿಡಿಯುತ್ತಿದೆಯಂತೆ. ಕಾರಿಂದ ಇಳಿದವಳೇ ಅಂಗಳ ನೋಡಿ, "ಇದೇನ್ರೀ, ಚಿರತೆ ಚರ್ಮ ಹಾಸಿದ್ದೀರಾ?" ಎಂದು ಜೋರಾಗಿ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಇದೇ ಮೊದಲು ಅಂತ ಹೇಳುವಾಗ ಯೋಗಾನಂದನಿಗೆ ಮತ್ತೆ ಕಣ್ಣು ತುಂಬಿತು.

ನನ್ನ ಮಂಡಿನೋವು ತಗ್ಗಿದೆ. ಬಾಣಂತಿಯ ಪುಡಿಗೆ ಹಿಪ್ಪಲಿ ಇಲ್ಲಿ ಸಿಗಲಿಲ್ಲ, ಬರುವವರ ಕೈಲಿ ಕಳಿಸು. ಅವಳಿಗೆ ಬಿಸಿ ಸಾರು ಕೊಟ್ಟು ಬರಬೇಕು, ಹೊರಟೆ.

ನಿನ್ನ ಚಿಕ್ಕತಾಯಮ್ಮ